ಕೇಸರಿ ಕೋಣೆಗೆ ಪೂಜೆ

ನನ್ನ ಗಂಡ ಸಂಗಮೇಶನಿಗೆ ಗೊತ್ತಿಲ್ಲ ಎನ್ನುವ ವಿಷಯವೇ ಭೂಮಿಯ ಮೇಲಿಲ್ಲ. ಯಲಹಂಕದ ಮೋಟಾರ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಬೇರೆ, ಹಾಗಾಗಿ ಕರೆಂಟಿನ ವಿಷಯದಲ್ಲಂತೂ ಅವನ ಮುಂದೆ ಬಾಯಿ ತೆರೆಯುವ ಹಾಗಿಲ್ಲ. ಅಲ್ಲಾಳಸಂದ್ರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೇಸರಿ ಬೆಳೆಯುತ್ತೇನೆಂದು ಅವನು ಹೊರಟಾಗ, ಎಲೆಕ್ಟ್ರಿಷಿಯನ್ ಕರೆಸಿ ಎಂದೆ. ನಕ್ಕುಬಿಟ್ಟ. "ಇದರಪ್ಪನಂಥ ಪ್ಯಾನೆಲ್ ನೋಡಿದೀನಿ ಕಣೇ."

ಕೆಳಗಿನ ಮೇನ್ ಬೋರ್ಡಿನಿಂದ ದಪ್ಪ ಕೇಬಲ್ ಎಳೆದು, ಕೋಣೆಗೇ ಬೇರೆ ಸಣ್ಣ ಬೋರ್ಡು ಕೂರಿಸಿದ. ಏಸಿಗೊಂದು ಸ್ವಿಚ್ಚು, ನೇರಳೆ ದೀಪಗಳಿಗೊಂದು, ಕಬ್ಬಿಣದ ರ‍್ಯಾಕಿನಲ್ಲಿಟ್ಟ ಕೇಸರಿ ಗೆಡ್ಡೆಗಳಿಗೆ ನೀರನ್ನು ಮಂಜಿನ ಹಾಗೆ ಹಾರಿಸುವ ಮಷೀನಿಗೊಂದು. ಎಲ್ಲಕ್ಕೂ ಸೇರಿ ಒಂದು ಮೇನ್, ಅದರ ಪಕ್ಕ ಆರ್‌ಸಿಸಿಬಿ. ಕರೆಂಟು ಸೋರಿ ಮನುಷ್ಯನ ಮೈಗೆ ಹರಿದರೆ ತಕ್ಷಣ ಲೈನ್ ಕಡಿದು ಜೀವ ಉಳಿಸುತ್ತೆ ಎಂದು ಅವನೇ ಹೇಳಿಕೊಟ್ಟಿದ್ದ. ಕೆಲಸ ನೀಟಾಗಿತ್ತು, ಸುಳ್ಳು ಹೇಳಬಾರದು. ಆದರೆ ಮಷೀನ್ ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಆರ್‌ಸಿಸಿಬಿ ಟಪ್ಪೆಂದು ಬಿದ್ದು ಕೋಣೆ ಕತ್ತಲಾಗುತ್ತಿತ್ತು. ಎತ್ತಿದರೆ ಮತ್ತೆ ಟಪ್. ಪೀಸೇ ಸರಿಯಿಲ್ಲ ಎಂದು ಅಂಗಡಿಯವನನ್ನು ಬೈದ.

ಸೋಮವಾರ ನನ್ನ ಅತ್ತೆ ಗಂಗಾದೇವಿ ಆ ಕೋಣೆಗೆ ಪೂಜೆ ಇಟ್ಟುಕೊಂಡರು. ಕಲಬುರಗಿ ಕಡೆಯವರು. ಪೂಜೆಯ ನಡುವೆ ದೀಪ ಹೋದರೆ ಅಪಶಕುನ ಎಂದು ವಾರಗಟ್ಟಲೆ ಕೊರಗುವವರು. ಎಲ್ಲರ ಚಪ್ಪಲಿಯನ್ನೂ ಬಾಗಿಲಾಚೆಯೇ ಬಿಡಿಸಿದರು. ಒಳಗೆ ನೆಲವೆಲ್ಲ ಒದ್ದೆ. ಏಸಿ ಓಡುತ್ತಿದ್ದುದರಿಂದ ಬಾಗಿಲು ಮುಚ್ಚಿದೆವು. ಆರತಿ ತಟ್ಟೆ ಹಿಡಿದು ನಾನು ಬೋರ್ಡಿನ ಪಕ್ಕ ನಿಂತೆ.

"ಮಧ್ಯದಲ್ಲಿ ಕರೆಂಟ್ ಹೋದ್ರೆ ಅತ್ತೆ ಸುಮ್ನಿರ್ತಾರಾ? ಆ ಮಷೀನ್ ಆಫ್ ಮಾಡ್ರೀ," ಎಂದು ಪಿಸುಗುಟ್ಟಿದೆ.

"ಹೋಗಲ್ಲ. ಅವ್ವಂಗೋಸ್ಕರ ಬೆಳಿಗ್ಗೇನೇ ಆರ್‌ಸಿಸಿಬಿ ಬೈಪಾಸ್ ಮಾಡ್ಬಿಟ್ಟೆ. ಈಗ ಏನೇ ಆದ್ರೂ ಬೀಳಲ್ಲ."

ಹಿಂದಿನ ದಿನ ಕಬ್ಬಿಣದ ರ‍್ಯಾಕ್ ಒರೆಸುವಾಗ, ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದರೂ ಬೆರಳು ಜುಂ ಎಂದಿತ್ತು. ಹೇಳಿದ್ದಕ್ಕೆ, ನಿನ್ನ ಭ್ರಮೆ ಎಂದಿದ್ದ. ಆ ಆರ್‌ಸಿಸಿಬಿ ಕೆಟ್ಟಿರಲೇ ಇಲ್ಲ. ಪಾಪ, ಕರೆಂಟು ಸೋರುತ್ತಿದೆ ಎಂದು ಅದು ಬಡಕೊಳ್ಳುತ್ತಿತ್ತು. ಇವನು ಅದರ ಬಾಯಿ ಮುಚ್ಚಿಸಿದ್ದ.

ಅಷ್ಟರಲ್ಲಿ ಅತ್ತೆ ವಿಭೂತಿಯನ್ನು ನೀರಲ್ಲಿ ಕಲಸಿಕೊಂಡು ಹೊರಟಿದ್ದರು. ಬಾಗಿಲಿಗೆ ಮೂರು ಗೆರೆ ಎಳೆದರು. ಗೋಡೆಗೆ ಎಳೆದರು. ಮುಂದಿನದು ರ‍್ಯಾಕು. ಬರಿಗಾಲು, ಒದ್ದೆ ಬೆರಳು. ಕೂಗಿ ತಡೆಯುವಷ್ಟು ಹೊತ್ತಿರಲಿಲ್ಲ. ಸಂಗಮೇಶ ಫೋನಿನಲ್ಲಿ ವಿಡಿಯೋ ಮಾಡುತ್ತ ನಗುತ್ತಿದ್ದ. ಅತ್ತೆಯ ಕೈ ಮೇಲೆದ್ದಿತು.

ತಟ್ಟೆ ಬಿಸಾಕಿ, ಅಂಗೈಯಿಂದ ಹೊಡೆದು ಮೇನ್ ಕೆಳಗಿಳಿಸಿದೆ.

ಕತ್ತಲಾಯಿತು. ಅತ್ತೆಯ ಬಳೆ ಕಬ್ಬಿಣಕ್ಕೆ ತಾಗಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ತಡವಾಯಿತಾ?

"ಯಾಕವ್ವಾ ಸ್ಮಿತಾ, ಲೈಟ್ ಯಾಕ ತಗದಿ?"

ಅತ್ತೆಯ ದನಿ. ಒದ್ದೆ ನೆಲದ ಮೇಲೇ ಕೂತು ಅತ್ತುಬಿಟ್ಟೆ.

ಸಂಗಮೇಶ ಬಾಗಿಲು ತೆರೆದ. "ಪೂಜೆ ಟೈಮಲ್ಲಿ ಹಿಂಗಾ ಆಡೋದು? ಅವ್ವಾ, ರ‍್ಯಾಕಿನ್ಯಾಗ ಕರೆಂಟ್ ಅದ ಅಂತ ಇಕಿಗೆ ಭ್ರಮೆ. ಏನೂ ಇಲ್ಲ."

ಇಷ್ಟು ಹೊತ್ತಿನ ಹೆದರಿಕೆಯೆಲ್ಲ ಸಿಟ್ಟಾಗಿ ನೆತ್ತಿಗೇರಿತು. ಎದ್ದು ಅತ್ತೆಯನ್ನು ನನ್ನ ಹಿಂದಕ್ಕೆ ಎಳೆದುಕೊಂಡೆ. "ಭ್ರಮೆ ಅಲ್ವಾ? ಆನ್ ಮಾಡ್ತೀನಿ. ನೀವೇ ಮುಟ್ಟಿ."

ಮೇನ್ ಎತ್ತಿದೆ. ನೇರಳೆ ಬೆಳಕು ಬಂತು. ಹಟಮಾರಿ, ನಿಜಕ್ಕೂ ಮುಟ್ಟಿಯೇಬಿಟ್ಟರೆ? ಮೇನ್ ಸ್ವಿಚ್ಚಿನಿಂದ ಬೆರಳು ತೆಗೆಯಲಿಲ್ಲ. ಅವನು ಕೈ ಚಾಚಿದ. ಅದು ಅರ್ಧದಲ್ಲೇ ನಿಂತಿತು.

"ಮುಟ್ಟಿ ತೋರ್ಸಪಾ," ಎಂದರು ಅತ್ತೆ. "ಕರೆಂಟ್ ಇಲ್ಲಂದ್ರ ಅಂಜಿಕಿ ಯಾಕ?"

ಸಂಗಮೇಶ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ನಾನು ಮೇನ್ ಇಳಿಸಿದೆ. ತೆರೆದ ಬಾಗಿಲಿನ ಬೆಳಕಲ್ಲಿ ಅತ್ತೆ ಮಗನ ಕೈ ನೋಡಿದರು. ಆಮೇಲೆ ವಿಭೂತಿ ಹತ್ತಿದ್ದ ತಮ್ಮ ಬೆರಳು ನೋಡಿಕೊಂಡರು.

"ಹಂಗಂದ್ರ," ಎಂದು ಕೇಳಿದರು, "ನಾ ಮುಟ್ಟಿದ್ರ ನಡೀತಿತ್ತೇನಪಾ?"