ಮೊಮ್ಮಗಳು ಮುಖ ತಿರುಗಿಸಿದ್ದೇಕೆ?

ಟೈಲರಮ್ಮನ ಮೊಮ್ಮಗಳು ಅಜ್ಜಿಯ ಮಡಿಲು ಬಿಟ್ಟಾಗ ಅವಳಿಗೆ ಐದು ವರ್ಷ. ಎತ್ತಿಕೊಂಡರೆ ಸಾಕು, ಮುಖ ಅತ್ತ ತಿರುಗಿಸಿ ಜಾರಿಕೊಳ್ಳುತ್ತಿದ್ದಳು. ಇದೆಲ್ಲ ಸೊಸೆ ಹೇಳಿಕೊಟ್ಟ ಪಾಠ ಎಂದು ಟೈಲರಮ್ಮ ತೀರ್ಮಾನಿಸಿಬಿಟ್ಟಳು. ಅನುಮಾನಕ್ಕೆ ಮದ್ದುಂಟೇ? ಒಂದೇ ಮನೆ, ಒಂದೇ ಒಲೆ. ಅತ್ತೆಯ ಬೈಗುಳ ಬಿಟ್ಟರೆ ಅತ್ತೆ ಸೊಸೆಯ ನಡುವೆ ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ಸೊಸೆ ಒಂದು ದಿನವೂ ಎದುರಾಡಲಿಲ್ಲ, ಪಾಪ.

ಒಂದು ಮಧ್ಯಾಹ್ನ ಹಲ್ಲಿನ ಆಸ್ಪತ್ರೆಯ ನರ್ಸ್ ಕೋಟು ಹೊಲಿಸಲು ಬಂದಳು. ಟೇಪು ಹಿಡಿದು ಟೈಲರಮ್ಮ ಭುಜದ ಅಳತೆಗೆ ಬಾಗಿದಾಗ ಅವಳೂ ಮುಖ ತಿರುಗಿಸಿದಳು. ಮರುಕ್ಷಣವೇ ನಾಚಿಕೊಂಡು ಕೈ ಹಿಡಿದಳು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬಾಯಿ ತುಂಬಾ ವಾಸನೆ ಬರ್ತಿದೆ. ಹಲ್ಲುಜ್ಜುವಾಗ ರಕ್ತ ಬರುತ್ತಾ?"

ಟೈಲರಮ್ಮನ ಮುಖ ಚಿಕ್ಕದಾಯಿತು. "ಬರ್ತಿತ್ತು. ಅದಕ್ಕೇ ಬ್ರಷ್ ಬಿಟ್ಟೆ. ಪೆಪ್ಪರಮಿಂಟು ಹಾಕ್ಕೊಳ್ತೀನಲ್ಲ! ಇದು ಹೊಟ್ಟೆ ಉಷ್ಣ ಕಣಮ್ಮ."

"ಉಷ್ಣ ಅಲ್ಲ. ಹೆಚ್ಚಿನವರಿಗೆ ವಾಸನೆ ಹುಟ್ಟೋದು ಬಾಯಲ್ಲೇ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ವಸಡು ಊದುತ್ತೆ, ರಕ್ತ ಬರುತ್ತೆ. ಹೆದರಿ ಉಜ್ಜೋದು ಬಿಟ್ರೆ ಪಾಚಿ ಇನ್ನೂ ಗಟ್ಟಿ ಆಗುತ್ತೆ. ಸಿಹಿ ಪೆಪ್ಪರಮಿಂಟು ಚೀಪಿದ್ರೆ ಹಲ್ಲು ಹುಳುಕು. ನಾಲಿಗೆ ಕೊಳೆ, ಒಣ ಬಾಯಿ, ತಂಬಾಕು, ಇವೂ ಕಾರಣಾನೇ."

"ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತಂತೆ?"

"ಸಡಿಲ ಮಾಡೋದು ಪಾಚಿ. ತೆಗೆಯೋರ ಮೇಲೆ ಯಾಕಮ್ಮ ಅಪವಾದ?"

ಆ ಮಾತು ಎಲ್ಲೋ ನಾಟಿತು. ನರ್ಸ್ ಹೋದ ಮೇಲೆ ಟೈಲರಮ್ಮ ಒಳಗೆ ಹೋಗಿ, ಗುಂಡಿ ಹೊಲಿಯುತ್ತಿದ್ದ ಸೊಸೆಯ ಮುಂದೆ ನಿಂತಳು. "ಮಗು ಮುಖ ತಿರುಗಿಸ್ತಿದ್ದದ್ದು ನನ್ನ ಬಾಯಿ ವಾಸನೆಗೇನಾ? ನಿಂಗೂ ಗೊತ್ತಿತ್ತೇನೇ?"

ಸೊಸೆ ತಲೆ ತಗ್ಗಿಸಿದಳು. "ಗೊತ್ತಿತ್ತು ಅತ್ತೆ. ಮಗಳಾಗಿದ್ರೆ ಹೇಳ್ತಿದ್ದೆ. ಸೊಸೆ ಬಾಯಲ್ಲಿ ಇಂಥ ಮಾತು ಬಂದ್ರೆ ನೀವು ತಡ್ಕೊಳ್ತಿದ್ರಾ?"

ಟೈಲರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಎರಡು ವರ್ಷ ಬೈದದ್ದೆಲ್ಲ ನೆನಪಾಯಿತು.

ಮರುದಿನ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋದರು. ಡಾಕ್ಟರು ಮೂರು ಸಲ ಕರೆಸಿ ಪಾಚಿ ತೆಗೆದರು. ಅಲುಗಾಡುತ್ತಿದ್ದ ಮೂರು ಹಲ್ಲು ಮಾತ್ರ ಉಳಿಯಲಿಲ್ಲ. ಮನೆಯಲ್ಲಿ ದಿನಕ್ಕೆರಡು ಸಲ ಮೆತ್ತನೆಯ ಬ್ರಷ್, ಹಲ್ಲಿನ ಸಂದಿಗೂ ನಾಲಿಗೆಗೂ ಶುದ್ಧಿ, ಆಗಾಗ ನೀರು. ತಿಂಗಳೊಪ್ಪತ್ತಿನಲ್ಲಿ ವಾಸನೆ ಹೋಯಿತು.

ಅಂದು ಟೈಲರಮ್ಮ ಮೊಮ್ಮಗಳನ್ನು ಕರೆದು ಕೈ ಚಾಚಿದಳು. "ನಾನೀಗ ದೊಡ್ಡೋಳು ಅಜ್ಜಿ, ಮಡಿಲಲ್ಲೆಲ್ಲ ಕೂರಲ್ಲ" ಎಂದು ನಕ್ಕ ಮಗು ಪಕ್ಕದಲ್ಲಿ ಒರಗಿ ಕುಳಿತಿತು. ಹಲ್ಲು ಕಟ್ಟಿಸಬಹುದು. ಆ ಎರಡು ವರ್ಷವನ್ನು ಯಾವ ಡಾಕ್ಟರು ಕಟ್ಟಿಕೊಟ್ಟಾರು?

ಅಕ್ಕಂದಿರೇ, ಅಣ್ಣಂದಿರೇ, ತನ್ನ ಬೆನ್ನು ತನಗೆ ಕಾಣದು. ತನ್ನ ಬಾಯಿಯ ವಾಸನೆಯೂ ಹಾಗೆಯೇ. ಉಜ್ಜಿದರೂ ವಾಸನೆ ಹೋಗದಿದ್ದರೆ, ವಸಡಿನಲ್ಲಿ ರಕ್ತ ಕಂಡರೆ, ಹಲ್ಲಿನ ಡಾಕ್ಟರಿಗೆ ತೋರಿಸಿ. ಬಾಯಿ ಸರಿಯಿದೆ ಎಂದು ಅವರು ಹೇಳಿದರೆ ಮೂಗು, ಗಂಟಲು, ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ನಿಮ್ಮವರ ಬಾಯಿ ವಾಸನೆ ಬರುತ್ತಿದೆಯೇ? ಮುಖ ತಿರುಗಿಸಬೇಡಿ. ನಾಲ್ಕು ಜನರೆದುರು ಬೇಡ, ಒಬ್ಬರೇ ಇರುವಾಗ, ಮೆಲ್ಲಗೆ, ಇವತ್ತೇ ಹೇಳಿಬಿಡಿ.