ರೆಕ್ಕೆ ಮಡಚಲು ಕಲಿತ ಸೊಣ್ಣಪ್ಪ

ಕಾಮಸಮುದ್ರದ ಕಡೆಯ ಬಾವಿಗಳು ಎಷ್ಟು ಆಳವೆಂದರೆ, ಬೆಳಿಗ್ಗೆ ಹಾಕಿದ ಕಲ್ಲು ತಳ ಮುಟ್ಟಿದ ಸದ್ದು ಮಧ್ಯಾಹ್ನ ಮುದ್ದೆ ಮುರಿಯುವ ಹೊತ್ತಿಗೆ ಕೇಳಿಸುತ್ತದೆ. ಅಂಥ ಬಾವಿಗಳಿಗೆ ಇಳಿದು ಪಂಪ್‌ಸೆಟ್ ರಿಪೇರಿ ಮಾಡುವವನು ಮುನಿನಾರಾಯಣಪ್ಪ. ಅವನ ಕೆಮ್ಮು ಕೇಳಿದರೆ ಸಾಕು, ಕೆಟ್ಟ ಮೋಟಾರು ಹೆದರಿ ತಾನಾಗಿಯೇ ತಿರುಗುತ್ತಿತ್ತು. ಇಷ್ಟೆಲ್ಲ ಇದ್ದೂ ಅವನಿಗೆ ಈಜು ಬಾರದು. ಹೋದ ಮಳೆಗಾಲದಲ್ಲಿ ಮೆಟ್ಟಿಲು ಜಾರಿ ಬಾವಿಗೆ ಬಿದ್ದವನು, ಪೈಪು ತಬ್ಬಿಕೊಂಡು ಹೇಗೋ ಉಳಿದ.

"ಈಜು ಕಲಿಯೋಗಂಟ ಸ್ಪ್ಯಾನರು ಮುಟ್ಟಬ್ಯಾಡ" ಎಂದಳು ಹೆಂಡತಿ ಮಂಗಮ್ಮ.

ಕಲಿಸುತ್ತೇನೆಂದು ಎದ್ದವನು ಅವಳ ತಮ್ಮ ಸೊಣ್ಣಪ್ಪ. ರಾಬರ್ಟ್‌ಸನ್‌ಪೇಟೆಗೆ ಹಾಲು ಹಾಕಲು ಹೋಗುತ್ತಿದ್ದ ಸೊಣ್ಣಪ್ಪ, ಅಲ್ಲಿನ ಕಾಲೋನಿಯ ಈಜುಕೊಳದಲ್ಲಿ ಈಜು ಕಲಿಸುವ ಕುಪ್ಪುಸ್ವಾಮಿಯಿಂದ ಬಟರ್‌ಫ್ಲೈ ಎಂಬ ಚಿಟ್ಟೆ ಈಜು ಕಲಿತಿದ್ದ. ಎರಡು ಕೈಗಳೂ ಒಟ್ಟಿಗೆ ನೀರಿನಿಂದ ಮೇಲೆದ್ದು ರೆಕ್ಕೆಯಂತೆ ಹರಡುತ್ತವೆ. ಎರಡು ಕಾಲುಗಳೂ ಒಟ್ಟಿಗೆ ಮೀನಿನ ಬಾಲದಂತೆ ಬಡಿಯುತ್ತವೆ. ಸೊಣ್ಣಪ್ಪ ಹಾಗೆ ಎದ್ದರೆ ಬೇತಮಂಗಲದ ಕೆರೆಯಲ್ಲಿ ಅಲೆ ಏಳುತ್ತಿತ್ತು. ಮಾರಿಕುಪ್ಪಂ ರೈಲಿನ ಡ್ರೈವರು ಹಳಿ ಒದ್ದೆಯಾಯಿತೆಂದು ನಿಧಾನ ಮಾಡುತ್ತಿದ್ದ. ಎದೆ ಎತ್ತಿ ಗಾಳಿ ಎಳೆದುಕೊಳ್ಳುವ ಆ ಒಂದು ಗಳಿಗೆಯಲ್ಲಿ, ದಿನವೂ ಸಗಣಿ ಬಾಚುವ ಕೈಗಳು ಇವೇನಾ ಎಂದು ಅವನಿಗೇ ಬೆರಗಾಗುತ್ತಿತ್ತು.

ಅವನು ಕಲಿತದ್ದು ಚಳಿಗಾಲದಲ್ಲಿ. ಆಗ ಕೊಳ ಖಾಲಿ. ಬಾವನನ್ನು ಕರೆದುಕೊಂಡು ಹೋದದ್ದು ಬೇಸಿಗೆಯ ಭಾನುವಾರ. ಅವತ್ತು ಕೊಳದಲ್ಲಿ ನೀರಿಗಿಂತ ತಲೆಗಳೇ ಹೆಚ್ಚು. ಹಗ್ಗ ಕಟ್ಟಿ ಸಾಲು ಮಾಡಿದ್ದರೂ ಒಂದೊಂದು ಸಾಲಿನಲ್ಲೂ ಸಂತೆಯಷ್ಟು ಜನ.

ಊರ ಬಾವಿಯಲ್ಲಿ ಒಂದು ಪದ್ಧತಿ ಇದೆ. ಮೇಲಿಂದ ಹಾರುವವನು ಮೊದಲು ಕೂಗುತ್ತಾನೆ, ಒಳಗಿರುವವರೆಲ್ಲ ಗೋಡೆಗೆ ಅಂಟಿಕೊಳ್ಳುತ್ತಾರೆ. ಸೊಣ್ಣಪ್ಪ ಇಲ್ಲೂ ಹಾಗೇ ಮಾಡಿದ.

"ಬಂದೇ ಕಣ್ರಲೋ" ಎಂದು ಕೂಗಿದವನೇ ಸಾಲಿನ ನಟ್ಟನಡುವೆ ರೆಕ್ಕೆ ಬಿಚ್ಚಿ ಹೊರಟ.

ಆ ಕೂಗಿಗೆ ಆಂಡರ್ಸನ್‌ಪೇಟೆಯ ಆಟೋಗಳು ರಸ್ತೆ ಬಿಟ್ಟು ನಿಂತವು. ಆದರೆ ಎದುರಿಗೆ, ಹಗ್ಗ ಹಿಡಿದು ನೀರಿನೊಳಗೆ ಮುಖವಿಟ್ಟು ಕಾಲು ಬಡಿಯುತ್ತಿದ್ದ ಬಾವನಿಗೆ ಕೇಳಿಸಲಿಲ್ಲ. ಸೊಣ್ಣಪ್ಪನ ಬಲಗೈ ನೇರವಾಗಿ ಬಾವನ ಮೂಗಿಗೆ ಬಡಿಯಿತು. ಬಾವ ಮುಳುಗಿದ. ಕುಪ್ಪುಸ್ವಾಮಿ ಹಾರಿ ಅವನನ್ನು ಎತ್ತಿ ತಂದ. ನೀರಿನ ಮೇಲೆ ತೇಲಿದ ಕೆಂಪು ಕಂಡು ಸೊಣ್ಣಪ್ಪನ ಕೈಗಳು ಸೀಸದಂತೆ ಭಾರವಾದವು.

ಮನೆಯಲ್ಲಿ ಬದನೆಕಾಯಿಯಷ್ಟು ಊದಿದ ಮೂಗಿಗೆ ಶಾಖ ಕೊಡುತ್ತಾ ಮಂಗಮ್ಮ ತಮ್ಮನ ಕಡೆ ತಿರುಗಿದಳು.

"ನೀನು ಮಾಡೋದು ಈಜಲ್ಲ ಕಣ್ಲಾ, ರಾಗಿ ಬಡಿಯೋದು."

"ನಾನು ಕೂಗಿದ್ನಲ್ಲಕ್ಕಾ."

"ಮೀನಿಗೆ ಕೂಗ್ದೇನ್ಲಾ? ಇನ್ನ ಇವರು ನೀರಿಗಿಳಿಯಂಗಿಲ್ಲ."

ಅವತ್ತಿನಿಂದ ಮುನಿನಾರಾಯಣಪ್ಪ ಬಚ್ಚಲ ಹಂಡೆಗೆ ಚೊಂಬು ಅದ್ದುವಾಗಲೂ ಇನ್ನೊಂದು ಕೈಯಲ್ಲಿ ಹಂಡೆಯ ಅಂಚು ಹಿಡಿದುಕೊಳ್ಳುತ್ತಿದ್ದ. ಅದನ್ನು ಸೊಣ್ಣಪ್ಪ ನೋಡಿದ. ಮಳೆ ಬಂದರೆ ಬಾವಿಗಳು ತುಂಬುತ್ತವೆ, ಮೋಟಾರುಗಳು ಕೆಡುತ್ತವೆ, ಬಾವ ಇಳಿಯಲೇಬೇಕು. ನೀರಿಗೆ ಹೀಗೆ ಹೆದರುತ್ತಾ ಇಳಿದರೆ?

ಮುಂದಿನ ಭಾನುವಾರ ಅಕ್ಕನ ಕೈಕಾಲು ಹಿಡಿದು ಇಬ್ಬರನ್ನೂ ಕೊಳಕ್ಕೆ ಕರೆತಂದ. ಮಂಗಮ್ಮ ದಂಡೆಯ ಮೇಲೆ ಸೆರಗು ಬಿಗಿದು ನಿಂತಳು.

"ತಂಬಿ, ಇದು ಬಾವಿ ಅಲ್ಲ," ಎಂದ ಕುಪ್ಪುಸ್ವಾಮಿ. "ನೀರಲ್ಲಿ ತಲೆ ಇಟ್ಟವನಿಗೆ ಕಿವಿ ಇಲ್ಲ. ನೋಡ್ಕೊಂಡು ಹೋಗೋದು ನಿನ್ನ ಕೆಲಸ."

"ಅಂಗಾದ್ರೆ ಜನ ಇದ್ರೆ ಈ ಈಜು ಈಜಂಗೇ ಇಲ್ವಾ ಅಣ್ಣ?"

"ಯಾಕಿಲ್ಲ? ರಸ್ತೇಲಿ ಬಸ್ಸು ಹೋಗ್ತದಲ್ಲ, ಹಂಗೆ ನಿನ್ನ ಎಡಗಡೆ ಹಿಡಿ. ಸಾಲಿನ ನಡುವೆ ತಳದಲ್ಲಿ ಕಪ್ಪು ಗೆರೆ ಇದೆ ನೋಡು, ಅದನ್ನ ದಾಟಬೇಡ. ಮುಂದಿನವನು ಸಾಕಷ್ಟು ದೂರ ಹೋದ ಮೇಲೆ ಹೊರಡು. ಉಸಿರಿಗೆ ತಲೆ ಎತ್ತಿದಾಗೆಲ್ಲ ಮುಂದೆ ನೋಡು."

"ಎದುರಿಗೆ ಒಬ್ರು ಬಂದ್ರೆ?" ಮಂಗಮ್ಮ ಕೇಳಿದಳು.

"ಬಂದ್ರೆ ಒಂದು ರೆಕ್ಕೆ ಮಡಚಬೇಕು ತಾಯಿ."

ಕುಪ್ಪುಸ್ವಾಮಿ ನೀರಿಗಿಳಿದ. ಎರಡು ಕೈಗಳನ್ನೂ ಎತ್ತಿ ಹೊರಟವನು, ಎದುರಿಗೆ ಒಬ್ಬರು ಬಂದ ಕೂಡಲೇ ಬಲಗೈಯನ್ನು ಮುಂದೆ ನೇರ ಚಾಚಿಟ್ಟು, ಹಗ್ಗದ ಕಡೆಯ ಎಡಗೈಯೊಂದನ್ನೇ ಹಗ್ಗ ದಾಟದ ಹಾಗೆ ಬೀಸಿದ. ಸೊಂಟದ ಅಲೆ ಮಾತ್ರ ನಿಲ್ಲಲಿಲ್ಲ. ಎದುರಿನವರು ದಾಟಿದ ಮೇಲೆ ಮತ್ತೆ ಎರಡೂ ರೆಕ್ಕೆ. ಅಷ್ಟು ಜನರ ನಡುವೆ, ಸೂಜಿಯಲ್ಲಿ ದಾರ ನುಗ್ಗಿದ ಹಾಗೆ ಹೋಗಿ ಬಂದ. ಯಾರ ರೆಪ್ಪೆಗೂ ಹನಿ ತಾಗಲಿಲ್ಲ. ಮುಂದೆ ನಿಧಾನದವರು ಸಿಕ್ಕಾಗ ನಡುವೆ ನುಗ್ಗದೆ ಅವರ ಹಿಂದೆಯೇ ಬಂದು, ಗೋಡೆ ಮುಟ್ಟಿದ ಮೇಲೆ ಅವರು ದಾರಿ ಬಿಟ್ಟಾಗ ಮುಂದಾದ. ನಿಂತದ್ದೂ ಗೋಡೆಯ ಮೂಲೆಯಲ್ಲಿ, ತಿರುಗುವವರಿಗೆ ಜಾಗ ಬಿಟ್ಟು. ಸೊಣ್ಣಪ್ಪ ತೆರೆದ ಬಾಯಿ ಮುಚ್ಚಲಿಲ್ಲ. ಅದರೊಳಗೆ ಅರ್ಧ ಕೊಳ ಹೋಯಿತು.

"ಇವತ್ತು ನೀನು ಹಿಂಗೆ ಈಜು," ಎಂದ ಕುಪ್ಪುಸ್ವಾಮಿ. "ಎರಡೂ ರೆಕ್ಕೆ ಪೂರಾ ಬಿಚ್ಚೋ ಆಸೆ ಇದ್ರೆ, ಬೆಳಿಗ್ಗೆ ಸಾಲು ಖಾಲಿ ಇರುವಾಗ ಬಾ."

ಸೊಣ್ಣಪ್ಪ ಗೋಡೆ ಹಿಡಿದು ಕಾದ. ದಾರಿ ಕಂಡ ಮೇಲೆ ಹೊರಟ. ಆಳವಿಲ್ಲದ ಕಡೆ ಮಂಡಿಯುದ್ದ ನೀರಿನಲ್ಲಿ ನಿಂತಿದ್ದ ಬಾವ ಅವನನ್ನೇ ನೋಡುತ್ತಿದ್ದ. ಭಾಮೈದ ಒಬ್ಬೊಬ್ಬರನ್ನು ದಾಟುವಾಗಲೂ ಬಾವನ ಕೈ ತಾನಾಗಿಯೇ ಮೂಗು ಮುಚ್ಚಿಕೊಳ್ಳುತ್ತಿತ್ತು. ಸೊಣ್ಣಪ್ಪ ಹೋಗಿ ಬಂದ, ಮತ್ತೆ ಹೋಗಿ ಬಂದ. ಯಾರಿಗೂ ತಾಗಲಿಲ್ಲ. ಕೊನೆಗೆ ಆ ಕೈ ಮೂಗಿನಿಂದ ಇಳಿಯಿತು.

ಮಂಗಮ್ಮ ದಂಡೆಯಲ್ಲಿ ಕೂತಳು. "ಚಿಟ್ಟೆ ಹೂವಿನ ಮ್ಯಾಲೆ ಕೂತಾಗ ರೆಕ್ಕೆ ಮಡಚ್ತದೆ. ನಿಂಗೆ ಅದೊಂದನ್ನ ಯಾರೂ ಕಲ್ಸಿರ್ಲಿಲ್ಲ" ಎಂದಳು ತಮ್ಮನಿಗೆ. ಆಮೇಲೆ ಗಂಡನಿಗೆ, "ನೋಡ್ತಾ ನಿಂತ್ರೆ ಈಜು ಬತ್ತದಾ? ಇಳಿ" ಎಂದಳು.

ಅವನು ಇಳಿದ.

ಮಳೆಗಾಲದಲ್ಲಿ ಊರಿನ ಬಚ್ಚಪ್ಪನ ಬಾವಿ ತುಂಬಿ, ಮೋಟಾರು ಕೆಟ್ಟಿತು. ಮುನಿನಾರಾಯಣಪ್ಪ ಮತ್ತೆ ಮೆಟ್ಟಿಲು ಜಾರಿದ. ಈ ಸಲ ಪೈಪು ಹುಡುಕಲಿಲ್ಲ. ಕೈಕಾಲು ಬಡಿದು ಮೆಟ್ಟಿಲು ಸೇರಿ, ಮೀಸೆ ಹಿಂಡಿಕೊಂಡು ಮೇಲೆ ಬಂದ. ಸ್ಪ್ಯಾನರು ಮಾತ್ರ ಕೈಜಾರಿತು. ಅದು ಇವತ್ತಿಗೂ ತಳ ಮುಟ್ಟಿಲ್ಲ, ಇಳಿಯುತ್ತಲೇ ಇದೆ.

ಈಜುಗಾರರೇ, ನಿಮ್ಮ ರೆಕ್ಕೆ ಸೊಣ್ಣಪ್ಪನದಕ್ಕಿಂತ ದೊಡ್ಡದಿರಬಹುದು. ಬಿಚ್ಚುವ ಮೊದಲು ಸಾಲು ನೋಡಿ. ನಿಮ್ಮ ಬದಿ ಬಿಡಬೇಡಿ. ಎದುರಿಗೆ ಜನ ಬಂದರೆ ಒಂದು ಕೈ ಚಾಚಿಡಿ, ದಾರಿ ಇಲ್ಲದಿದ್ದರೆ ಗೋಡೆಯ ಮೂಲೆಯಲ್ಲಿ ಕಾಯಿರಿ. ನಿಮ್ಮ ಪಕ್ಕದಲ್ಲಿ ತಡವರಿಸುತ್ತಿರುವವನು ನಾಳೆ ಯಾವ ಬಾವಿಗೆ ಇಳಿಯಬೇಕಾಗಿದೆಯೋ, ನಿಮಗೆ ಗೊತ್ತಿಲ್ಲ. ಅವನು ಈಜು ಕಲಿತು ಮನೆಗೆ ಹೋಗಲಿ.