ಅಲುಗಾಡದ ಅಣ್ಣನ ಫೋಟೋ

ನನ್ನ ಮೂಗನ್ನು ನಾನೇ ಹೊಗಳಿಕೊಳ್ಳಬೇಕು, ಬೇರೆಯವರಿಗೆ ಹೊಟ್ಟೆಕಿಚ್ಚು. ಮೂವತ್ತು ವರ್ಷ ಕ್ಷೌರದಂಗಡಿಯಲ್ಲಿ ಲಕ್ಷ ಬೆವರಿನ ತಲೆಗಳನ್ನು ಮೂಸಿಯೂ ಸೋಲದ ಮೂಗು. ಅದನ್ನು ಸೋಲಿಸಿದ್ದು ಅಕ್ಕನ ಗಂಡ ಮಾರಲು ತಂದ ಒಂದು ಡಬ್ಬಿ.

ಪಕ್ಕದಂಗಡಿಯ ದರ್ಜಿ ನನ್ನಣ್ಣ. ಅವನು ಕತ್ತರಿ ಎತ್ತಿದರೆ ಬಟ್ಟೆ ತಾನೇ ದಾರಿ ಬಿಡುತ್ತಿತ್ತು. ಪಾರ್ಕಿನ್ಸನ್ ಬಂದು ಮೈ ಮರಗಟ್ಟಿತು. ಮಾತ್ರೆಯಿಂದ ಸಡಿಲವಾಯಿತು. ವರ್ಷಗಳು ಕಳೆದಂತೆ ಸಡಿಲ ಅತಿಯಾಗಿ ತೋಳು, ಕತ್ತು, ಸೊಂಟ ತಮ್ಮಷ್ಟಕ್ಕೆ ತಿರುಚಿ ಓಲಾಡತೊಡಗಿದವು. ಮಾತ್ರೆಯದೇ ಅಡ್ಡಪರಿಣಾಮ ಎಂದರು ಡಾಕ್ಟರು. ಅಣ್ಣ ಜಗ್ಗಲಿಲ್ಲ. ಸೊಂಟವನ್ನು ಮೇಜಿಗೆ ಒತ್ತಿ, ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ, ಒಂದು ಓಲಾಟ ಮುಗಿದು ಇನ್ನೊಂದು ಬರುವುದರೊಳಗೆ ಕಚಕ್ಕನೆ ಗೇಣುದ್ದ ಕತ್ತರಿಸುತ್ತಿದ್ದ. ಹೆದರಿದ್ದು ಗಿರಾಕಿಗಳು.

"ಕತ್ತರಿ ಕೆಳಗಿಡಬೇಕೇನೋ ಕಣೋ" ಎಂದ ಒಂದು ದಿನ.

ಆ ಮಾತು ಭಾವನ ಕಿವಿಗೆ ಬಿದ್ದದ್ದೇ ತಡ, ಹೆಣ ಕಂಡ ಹದ್ದಿನಂತೆ ಇಳಿದ.

"ಔಷಧಿ ಅಲ್ಲಪ್ಪ, ಆಹಾರ ಪೂರಕ! ಮಾತ್ರೆ ಜೊತೆಗೇ ನಾಲ್ಕು ಚಮಚ. ಓಲಾಟ ಓಡಿಹೋಗುತ್ತೆ."

ಮುಚ್ಚಳ ತೆಗೆದ. ಪಾಚಿ, ಹಳಸಿದ ಮೀನು, ಒದ್ದೆ ಕಾಲುಚೀಲ ಮೂರೂ ಮದುವೆಯಾಗಿ ಹೆತ್ತ ಕೂಸಿನ ವಾಸನೆ. ಆಣೆಗೂ, ಗೋಡೆಯ ಗಡಿಯಾರ ನಿಂತುಹೋಯಿತು. ಪುಡಿಯನ್ನು ಹಾಲಿಗೆ ಕಲಸಿದರೆ ಹಸಿರು ಲೋಳೆ ಲೋಟದ ಅಂಚಿನಿಂದ ಸಿಂಬಳದಂತೆ ಜೋತಾಡುತ್ತಿತ್ತು. ದಿನಕ್ಕೆ ಮೂರು ಸಲ ಕಲಸಿ ಕುಡಿಸಿದ್ದು ನಾನೇ.

ನಾಲ್ಕನೇ ದಿನ ಓಲಾಟ ನಿಂತಿತು. ಏಳು ಬೀದಿಗೆ ಕೇಳುವಂತೆ ಸಾರಿದೆ. ಅಣ್ಣ ಕತ್ತರಿ ಹಿಡಿದು ಕಂಬದಂತೆ ನಿಂತಿದ್ದ. ತುಟಿಯಿಂದ ಜೊಲ್ಲು ಇಳಿಯುತ್ತಿತ್ತು. ಭಾವ ತನ್ನ ಕರವಸ್ತ್ರ ಗಲೀಜಾಗದಂತೆ, ಅಣ್ಣನದೇ ಅಳತೆ ಟೇಪಿನಿಂದ ಅದನ್ನು ಒರೆಸಿ ಫೋಟೋ ಹೊಡೆದ. ನಾನು ಬಟ್ಟೆಯನ್ನು ಅಣ್ಣನ ಮುಂದೆ ಸರಿಸಿದೆ.

"ಕತ್ತರಿಸಣ್ಣ."

"ಬೆರಳು... ಬರ್ತಿಲ್ಲ ಕಣೋ."

ಡಬ್ಬಿ ಹಿಡಿದು ಔಷಧಿ ಅಂಗಡಿಗೆ ಓಡಿದೆ. ಅಂಗಡಿಯಾಕೆ ಡಬ್ಬಿಯ ಮೇಲಿನ ಚೀಟಿ ಓದಿ ಹಣೆ ಚಚ್ಚಿಕೊಂಡಳು.

"ಇದು ಮುಕ್ಕಾಲು ಪಾಲು ಪ್ರೋಟೀನು ರೀ! ಮಾತ್ರೆ ಜೊತೆ ಕುಡಿಸಿದ್ರೆ ಮಾತ್ರೆ ಮೈಗೆ ಹತ್ತೋದೇ ಕಷ್ಟ. ಓಲಾಟ ನಿಂತಿದ್ದು ವಾಸಿಯಾಗಿ ಅಲ್ಲ, ಔಷಧಿನೇ ಕೆಲಸ ಮಾಡ್ತಿಲ್ಲ. ಮೊದಲು ಡಾಕ್ಟರಿಗೆ ಫೋನ್ ಮಾಡಿ."

ಡಾಕ್ಟರು ನನ್ನನ್ನು ಬೈದ ಬೈಗುಳ ಕಟ್ಟಿದರೆ ಎರಡು ಸಂಪುಟವಾದೀತು. ಪುಡಿ ಚರಂಡಿ ಸೇರಿತು. ಇಲಿಗಳು ಸಂಸಾರ ಸಮೇತ ಮನೆ ಖಾಲಿ ಮಾಡಿದವು. ಮಾತ್ರೆ ಬರೀ ನೀರಿನಲ್ಲಿ ಇಳಿಯಿತು. ಮಾರನೆಯ ದಿನ ಅಣ್ಣನ ತೋಳು ಮೆಲ್ಲಗೆ ತಿರುಚಿ ಓಲಾಡಿದಾಗ ಆ ಓಲಾಟಕ್ಕೆ ಮುತ್ತು ಕೊಡುವಷ್ಟು ಖುಷಿಯಾಯಿತು.

ವಾರ ಕಳೆದು ಭಾವ ಬಂದ. ಒಂದು ಕೈಯಲ್ಲಿ ಹೊಲಿಯಲು ಪ್ಯಾಂಟಿನ ಬಟ್ಟೆ, ಇನ್ನೊಂದರಲ್ಲಿ ತನ್ನ ಡಬ್ಬಿಯ ಜಾಹೀರಾತಿಗೆಂದು ಬಟ್ಟೆಯ ಬ್ಯಾನರು. ಅದರ ತುಂಬ ಮರಗಟ್ಟಿದ ಅಣ್ಣನ ಫೋಟೋ, ಕೆಳಗೆ 'ಅಲುಗಾಡದ ಕೈ!'

"ವಿಷಯ ಗೊತ್ತಾಯ್ತು ಬಿಡಪ್ಪ. ಆದ್ರೆ ಅಚ್ಚಾಗಿಬಿಟ್ಟಿದೆಯಲ್ಲ! ಬಾಗಿಲಿಗೆ ಕಟ್ಟಿರು. ಗಿರಾಕಿ ಬಂದಾಗ ಮಾತ್ರ ಸ್ವಲ್ಪ ಅಲುಗಾಡ್ದೆ ಕೂತ್ಕೋ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಕೈ ಚಾಚಿದ.

"ಕೊಡಿ ಭಾವ. ಬಟ್ಟೆ ಗಟ್ಟಿಯಾಗಿದೆ."

ಬ್ಯಾನರನ್ನು ಮೇಜಿನ ಮೇಲೆ ಹರಡಿ ಇಸ್ತ್ರಿಪೆಟ್ಟಿಗೆ ಹೇರಿದ. ಸೊಂಟ ಒತ್ತಿದ. ಓಲಾಡಿದ, ಕಚಕ್. ಓಲಾಡಿದ, ಕಚಕ್. ಗೆರೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಇದೊಂದನ್ನು ಮಾತ್ರ ನಾನು ಉಬ್ಬಿಸಿ ಹೇಳುತ್ತಿಲ್ಲ. ನನ್ನಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡಿದ್ದವನು ನೊರೆ ಮುಖದಲ್ಲೇ ಬಂದು ನಿಂತು ನೋಡಿದ.

"ಏನಪ್ಪಾ ಮಾಡ್ತಿದ್ದೀಯ?" ಭಾವ ಕಿರುಚಿದ.

"ನಿಮ್ಮ ಪ್ಯಾಂಟಿಗೆ ಜೇಬಿನ ಒಳಬಟ್ಟೆ."

ಕೊನೆಯ ತುಂಡಿನಲ್ಲಿ ಟೇಪಿನಿಂದ ಒರೆಸಿದ ಆ ಬಾಯಿ ಇತ್ತು. ಅದನ್ನು ಭಾವ ಕರವಸ್ತ್ರ ಇಡುವ ಬಲಜೇಬಿಗೆಂದು ಎತ್ತಿಟ್ಟ.